ಗುಜರಿ ತಾಮ್ರದಿಂದ ಶುದ್ಧ ತಗಡು: ಕೊನೆಗೂ ಕೈಹಿಡಿದ ವಿಧಾನ

ಮಿಶ್ರ ಗುಜರಿ ತಾಮ್ರವನ್ನು ಸಣ್ಣ ವರ್ಕ್‌ಶಾಪಿನಲ್ಲಿ ಕರೆಂಟ್ ಹಾಯಿಸಿ ಶುದ್ಧ ಮಾಡಲು ಆಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬರುವುದು ಪುಡಿ ಅಷ್ಟೇ, ತಗಡು ಬರಲ್ಲ ಅಂದರು. ತಾಮ್ರದ ದುಡ್ಡೆಲ್ಲ ಕರೆಂಟ್ ಬಿಲ್ಲಿಗೇ ಹೋಗುತ್ತೆ ಅಂದರು. ಈಗ ನನ್ನ ತೊಟ್ಟಿಗಳಿಂದ ಮಡಿಸಿದರೂ ಬಿರುಕು ಬಿಡದ, ತಿಳಿ ಗುಲಾಬಿ ಬಣ್ಣದ ತಗಡು ಬರುತ್ತಿದೆ. ಮೋಟಾರ್ ವೈಂಡಿಂಗ್ ಮಾಡುವ ಗೆಳೆಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅದಕ್ಕೇ ಈ ಬರಹ. ಕರಗುವ ಗುಜರಿ ತಾಮ್ರ ಆನೋಡ್, ಶುದ್ಧ ತಾಮ್ರ ಬಂದು ಕೂರುವ ಹಾಳೆ ಕ್ಯಾಥೋಡ್; ಅದಕ್ಕಿಂತ ಹೆಚ್ಚಿನ ಪಾಠ ಇಲ್ಲಿಲ್ಲ. ಕೆಲಸ ಗೊತ್ತಿರುವವರಿಗೆ ಬರೆದದ್ದು.

ಮೊದಲು ಬಿಲ್ಲಿನ ಮಾತು ಮುಗಿಸುತ್ತೇನೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 1.19 ಗ್ರಾಂ ತಾಮ್ರ ಕೂರುತ್ತದೆ. ಕೆಜಿಗೆ 840 ಆಂಪಿಯರ್-ಗಂಟೆ ಬೇಕು. ಕೇಳಿದರೆ ಜಾಸ್ತಿ ಅನ್ನಿಸುತ್ತದೆ. ಆದರೆ ಎರಡೂ ಕಡೆ ತಾಮ್ರವೇ ಇರುವುದರಿಂದ ನೀರನ್ನು ಒಡೆಯುವ ಕೆಲಸವಿಲ್ಲ. ತೊಟ್ಟಿಯಲ್ಲಿರುವ ಮೈಲುತುತ್ತ-ಆಸಿಡ್ ದ್ರಾವಣದ ಅಡ್ಡಿಯನ್ನು ದಾಟುವಷ್ಟು ವೋಲ್ಟೇಜ್ ಸಾಕು. ದೊಡ್ಡ ಕಾರ್ಖಾನೆಗಳಲ್ಲಿ ಅದು 0.3 ವೋಲ್ಟಿನ ಹತ್ತಿರ. ನನ್ನಲ್ಲಿ 0.45. ಅಂದರೆ ಕೆಜಿಗೆ ಅರ್ಧ ಯೂನಿಟ್ ಕೂಡ ಇಲ್ಲ. ಹಾಗಿದ್ದೂ ಮೊದಲ ತಿಂಗಳು ಮೀಟರ್ ಓಡಿದ್ದೇ ಓಡಿದ್ದು. ಕಳ್ಳ ಇದ್ದದ್ದು ತೊಟ್ಟಿಯಲ್ಲಲ್ಲ, ಮೇನ್ಸ್ ಕರೆಂಟನ್ನು ಡಿಸಿ ಮಾಡಿ ಕೊಡುವ ರೆಕ್ಟಿಫೈಯರ್‌ನಲ್ಲಿ. ಅದರ ಡಯೋಡ್‌ಗಳೇ ಒಂದು ವೋಲ್ಟ್ ತಿನ್ನುತ್ತವೆ. ಅರ್ಧ ವೋಲ್ಟಿನ ಕೆಲಸಕ್ಕೆ ಒಂದು ವೋಲ್ಟಿನ ದಂಡ. ಆರು ತೊಟ್ಟಿಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದೇ ಕರೆಂಟ್ ಒಂದರ ನಂತರ ಒಂದರಲ್ಲಿ ಹಾಯುವಂತೆ, ಕಟ್ಟಿದೆ. ದಂಡ ಅಷ್ಟೇ ಇತ್ತು, ತಾಮ್ರ ಆರು ಪಟ್ಟಾಯಿತು. ಈಗ 20 ಆಂಪಿಯರ್‌ನಲ್ಲಿ ದಿನಕ್ಕೆ ಮೂರು ಕೆಜಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಎಲ್ಲ ನಷ್ಟ ಸೇರಿಸಿದರೂ ಕೆಜಿಗೆ ಒಂದು ಯೂನಿಟ್ ದಾಟುವುದಿಲ್ಲ.

ದುಡ್ಡು ನಿಜವಾಗಿ ಸಿಕ್ಕಿಬೀಳುವುದು ಬೇರೆ ಕಡೆ. ಲೀಟರಿಗೆ 200 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿದರೆ ಅದರಲ್ಲಿ 50 ಗ್ರಾಂ ತಾಮ್ರ ಇರುತ್ತದೆ. ನನ್ನ 60 ಲೀಟರಿನಲ್ಲಿ ಮೂರು ಕೆಜಿ ತಾಮ್ರ ಸದಾ ನೀರಿನಲ್ಲೇ ಇರುತ್ತದೆ. ಅದು ಹೊರಗೆ ಬರುವುದು ಕೆಲಸ ನಿಲ್ಲಿಸಿದ ದಿನ ಮಾತ್ರ. ಸವೆದ ಆನೋಡ್ ತುಂಡುಗಳಲ್ಲಿ ಹಾಕಿದ್ದರ ಐದನೇ ಒಂದು ಭಾಗ ಉಳಿದು ಮತ್ತೆ ಮೂಸೆಗೆ (ಲೋಹ ಕರಗಿಸುವ ಪಾತ್ರೆಗೆ) ಹೋಗುತ್ತದೆ. ಶುರು ಮಾಡುವವರು ಮಷಿನ್ ಖರ್ಚು ಮಾತ್ರ ನೋಡುತ್ತಾರೆ, ಈ ಬಂಡವಾಳ ಲೆಕ್ಕಕ್ಕೆ ತರುವುದಿಲ್ಲ. ಇನ್ನೊಂದು ಮಾತು: ಹೊಳೆಯುವ ಬರಿ ತಂತಿ ಸಿಕ್ಕರೆ ತೊಟ್ಟಿಗೆ ಹಾಕಬೇಡಿ. ಅದು ಆಗಲೇ ಶುದ್ಧ, ಬೆಲೆಯೂ ಪೂರ್ತಿ ಸಿಗುತ್ತದೆ. ಲಾಭ ಇರುವುದು ಸೋಲ್ಡರ್ ಹತ್ತಿದ, ತವರ ಬಳಿದ, ಪೈಪು-ಪಟ್ಟಿ ಕಲಸಿದ, ಯಾರೂ ಸರಿಯಾದ ಬೆಲೆ ಕೊಡದ ಮಾಲಿನಲ್ಲಿ. ಹಿತ್ತಾಳೆ ಮಾತ್ರ ದೂರ ಇಡಿ. ಸತು ಕರಗಿ ದ್ರಾವಣದಲ್ಲೇ ಉಳಿಯುತ್ತದೆ, ಅದರ ಬದಲು ದ್ರಾವಣದ ತಾಮ್ರ ಖಾಲಿಯಾಗುತ್ತಾ ಹೋಗುತ್ತದೆ.

ದ್ರಾವಣಕ್ಕೆ ಸಲ್ಫ್ಯೂರಿಕ್ ಆಸಿಡ್ ಲೀಟರಿಗೆ 180 ಗ್ರಾಂ ಆಸುಪಾಸು. 1.28 ಸಾಂದ್ರತೆಯ ಬ್ಯಾಟರಿ ಆಸಿಡ್ ಆದರೆ ಲೀಟರಿಗೆ 380 ಮಿಲಿ. ಬಿಸಿ ಐವತ್ತು ಡಿಗ್ರಿ ಮುಟ್ಟಿಸಿದರೆ ವೋಲ್ಟೇಜ್ ಇಳಿಯುತ್ತದೆ.

ಈಗ ಸೋತ ಕಥೆಗಳು. ಬೇಗ ಆಗಲಿ ಎಂದು ಕ್ಯಾಥೋಡಿನ ಚದರ ಮೀಟರಿಗೆ 600 ಆಂಪಿಯರ್ ಕೊಟ್ಟು ನೋಡಿದೆ. ಕಡು ಕೆಂಪು ಪುಡಿ ಬಂತು, ಬೆರಳಿನಲ್ಲಿ ಉಜ್ಜಿದರೆ ಉದುರುತ್ತಿತ್ತು. ಅಂಚಿನಲ್ಲಿ ಕವಲು ಕವಲಾಗಿ ಚಿಗುರಿ, ರಾತ್ರಿ ಕಳೆಯುವಷ್ಟರಲ್ಲಿ ಆನೋಡ್ ಮುಟ್ಟಿ ಶಾರ್ಟ್ ಆಗಿತ್ತು. ಪುಡಿಯೇ ಬರೋದು ಅಂದವರು ಈ ಹಂತದಲ್ಲೇ ಕೈಬಿಟ್ಟಿರಬೇಕು. 200ಕ್ಕೆ ಇಳಿಸಿ, ದ್ರಾವಣವನ್ನು ಸಣ್ಣ ಪಂಪಿನಿಂದ ಕೆಳಗಿನಿಂದ ಮೇಲಕ್ಕೆ ತಿರುಗಿಸಿದಾಗ ಮೈ ನಯವಾಯಿತು. ಒಂದು ಮಿಲಿಮೀಟರ್ ದಪ್ಪಕ್ಕೆ 38 ಗಂಟೆ ಹತ್ತಿರ ಬೇಕು. ಕಾಯಲೇಬೇಕು.

ಆಮೇಲೆ ಸೋಲ್ಡರ್. ಅದರ ಸೀಸ ಸಲ್ಫೇಟ್ ಆಗಿ ತಳಕ್ಕೆ ಇಳಿಯುತ್ತದೆ, ತೊಂದರೆ ಇಲ್ಲ. ತವರ ಹಾಗಲ್ಲ. ಬಿಳಿ ಲೋಳೆಯಾಗಿ ತೇಲಾಡಿ ಕ್ಯಾಥೋಡಿಗೆ ಅಂಟುತ್ತದೆ. ಅಂಟಿದ ಕಡೆಯೆಲ್ಲ ಗಂಟು. ಆನೋಡಿಗೆ ಚೀಲ ತೊಡಿಸಿದೆ. ಹತ್ತಿ ಬಟ್ಟೆ ಆಸಿಡ್‌ಗೆ ಚಿಂದಿಯಾಯಿತು, ಪಾಲಿಪ್ರೊಪಿಲೀನ್ ಬಟ್ಟೆ ಇವತ್ತಿಗೂ ಹಾಗೇ ಇದೆ. ಕಬ್ಬಿಣದ ಒಂದು ಸ್ಕ್ರೂ ಬಂದರೂ ಕಾಟವೇ. ಕರಗಿದ ಕಬ್ಬಿಣ ಗಾಳಿ ತಗಲಿ ಫೆರಿಕ್ ಎಂಬ ರೂಪಕ್ಕೆ ತಿರುಗಿ, ಕೂತ ತಾಮ್ರವನ್ನು ಮತ್ತೆ ಕರಗಿಸುತ್ತದೆ. ಕರೆಂಟ್ ಹರಿದಿರುತ್ತದೆ, ತೂಕ ಬಂದಿರುವುದಿಲ್ಲ. ಕರಗಿಸುವ ಮುಂಚೆ ಗುಜರಿಯ ಮೇಲೆಲ್ಲ ಅಯಸ್ಕಾಂತ ಆಡಿಸುವುದು ಈಗ ನನ್ನ ಕಟ್ಟುನಿಟ್ಟಿನ ನಿಯಮ.

ಗುಜರಿಯನ್ನು ಬುಟ್ಟಿಯಲ್ಲಿ ಹಾಕಿ ಆನೋಡ್ ಮಾಡುವುದು ಎಲ್ಲರೂ ಹೇಳುವ ಸುಲಭ ದಾರಿ. ನನಗೆ ಅದು ಒಗ್ಗಲಿಲ್ಲ. ಕರಗಿಸಿ ಹಲಗೆ ಎರಕ ಹೊಯ್ಯುವುದೇ ಸರಿ. ತಾಮ್ರ ಕರಗುವುದು 1085 ಡಿಗ್ರಿಗೆ. ಆದರೆ ಅದು ಶಾಖವನ್ನು ಓಡಿಸುವ ಲೋಹ, ಬೆಂಕಿ ಒಂದೇ ಕಡೆ ಬಿದ್ದರೆ ಏನೂ ಆಗದು. ಮೂಸೆ ಪೂರ್ತಿ ಕುಲುಮೆಯೊಳಗೆ ಮುಳುಗಿರಬೇಕು, ಮೇಲೆ ಇದ್ದಲಿನ ಹೊದಿಕೆ ಇರಬೇಕು. ಇಲ್ಲದಿದ್ದರೆ ಆಮ್ಲಜನಕ ಹೀರಿಕೊಳ್ಳುತ್ತದೆ. ಆ ಆಕ್ಸೈಡ್ ತೊಟ್ಟಿಯಲ್ಲಿ ಕರೆಂಟ್ ಇಲ್ಲದೇನೇ ಆಸಿಡ್‌ನಲ್ಲಿ ಕರಗಿ, ದ್ರಾವಣದ ತಾಮ್ರ ವಾರದಿಂದ ವಾರಕ್ಕೆ ಏರುತ್ತದೆ. ಏರಿದಾಗ ಒಂದು ತೊಟ್ಟಿಗೆ ಸೀಸದ ಆನೋಡ್ ಇಟ್ಟು ಹೆಚ್ಚಿನ ತಾಮ್ರ ತೆಗೆಯುತ್ತೇನೆ. ಅದಕ್ಕೆ ಎರಡು ವೋಲ್ಟ್ ದಾಟಬೇಕು, ದುಬಾರಿ. ಆದರೆ ಆಸಿಡ್ ಮರಳಿ ಸಿಗುತ್ತದೆ.

ಕ್ಯಾಥೋಡಿಗೆ ಮೊದಲು ತೆಳು ತಾಮ್ರದ ಹಾಳೆಯನ್ನೇ ಬಳಸುತ್ತಿದ್ದೆ. ಈಗ 316 ಸ್ಟೇನ್‌ಲೆಸ್ ಸ್ಟೀಲ್. ಅದರ ಮೇಲಿರುವ ಆಕ್ಸೈಡ್ ಪದರದಿಂದಾಗಿ ತಾಮ್ರ ಗಟ್ಟಿಯಾಗಿ ಹಿಡಿಯದು, ಸುಲಿದರೆ ಬರುತ್ತದೆ. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನ ಶುದ್ಧೀಕರಣ ಕಾರ್ಖಾನೆಯಲ್ಲಿ 1978ರಿಂದ ಇದೇ ಪದ್ಧತಿ. ಅಂಚಿಗೆ ಮೇಣ ಹಚ್ಚಬೇಕು, ಇಲ್ಲದಿದ್ದರೆ ಸುತ್ತಿಕೊಂಡು ಬೀಗ ಹಾಕಿದ ಹಾಗೆ ಕೂರುತ್ತದೆ. ಹಾಳೆ ಮೈಯನ್ನು ಎಷ್ಟು ಉಜ್ಜಬೇಕು, ಯಾವುದರಿಂದ ಉಜ್ಜಬೇಕು ಎನ್ನುವುದು ನನ್ನ ಬಳಿಯೇ ಇರಲಿ. ತಗಡಿನ ಮೈ ನಯವಾಗಲು ದ್ರಾವಣಕ್ಕೆ ಬೆರೆಸುವ ಅಂಟು ಮತ್ತು ಥಯೋಯೂರಿಯಾದ ಪ್ರಮಾಣವೂ ಅಷ್ಟೇ. ಅದಕ್ಕೆ ಬಹಳ ತಗಡು ಸುಟ್ಟಿದ್ದೇನೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹೋಗಿ, ಗ್ರಾಂ ಲೆಕ್ಕದಲ್ಲಿ ಹೋದರೆ ಕನ್ನಡಿಯಂಥ ತಗಡು ಬಂದು ಮಡಿಸಿದ ಕೂಡಲೇ ಲಟಕ್ ಎನ್ನುತ್ತದೆ ಎಂದಷ್ಟೇ ಹೇಳುತ್ತೇನೆ. ಇವುಗಳ ಜೊತೆ ಬೆರೆಸುವ ಕ್ಲೋರೈಡ್ ಲೀಟರಿಗೆ 50 ಮಿಲಿಗ್ರಾಂ ಸಾಕು.

ಶುದ್ಧ ಅಂತ ಹೇಗೆ ಹೇಳ್ತೀಯ ಎಂದು ಕೇಳಿದವರಿಗೆ ನನ್ನ ಉತ್ತರ ಅಳತೆ. ವಿದ್ಯುತ್ ಹರಿಸುವುದರಲ್ಲಿ ತಾಮ್ರಕ್ಕಿಂತ ಮುಂದಿರುವ ಲೋಹ ಬೆಳ್ಳಿ ಒಂದೇ. ಆದರೆ ಸ್ವಲ್ಪ ಕಲಬೆರಕೆಗೂ ತಾಮ್ರ ಸೊರಗುತ್ತದೆ. ಪೈಪಿನ ತಾಮ್ರಕ್ಕೆ ಹಾಕುವ 0.03 ಶೇಕಡಾ ರಂಜಕವೇ ಅದರ ವಿದ್ಯುತ್ ಹರಿಸುವ ಗುಣವನ್ನು 80 ಶೇಕಡಾಕ್ಕೆ ಇಳಿಸುತ್ತದೆ. 100 ಶೇಕಡಾ ಅಂದರೆ 1913ರಲ್ಲಿ ನಿಗದಿಯಾದ ಮಾನದಂಡ: ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಳತೆಗೆ 20 ಡಿಗ್ರಿಯಲ್ಲಿ 0.01724 ಓಮ್. ತಗಡಿನಿಂದ ಪಟ್ಟಿ ಕತ್ತರಿಸಿ, 20 ಸೆಂಟಿಮೀಟರ್ ಅಂತರದಲ್ಲಿ ಎರಡು ಸೂಜಿ ಒತ್ತಿ, 10 ಆಂಪಿಯರ್ ಹಾಯಿಸಿ ಮಿಲಿವೋಲ್ಟ್ ನೋಡುತ್ತೇನೆ. ದಪ್ಪ ಅಳೆಯಲು ಕ್ಯಾಲಿಪರ್ ನಂಬಬೇಡಿ, ಮೈ ಒರಟು. ತೂಕ ನೋಡಿ. ತಾಮ್ರದ ಸಾಂದ್ರತೆ 8.96. 20 ಸೆಂಟಿಮೀಟರ್ ಪಟ್ಟಿ 8.96 ಗ್ರಾಂ ತೂಗಿದರೆ ಅಡ್ಡಳತೆ ಸರಿಯಾಗಿ ಐದು ಚದರ ಮಿಲಿಮೀಟರ್. ಆಗ 6.9 ಮಿಲಿವೋಲ್ಟ್ ಬರಬೇಕು. ನನ್ನದು 6.9, 7ರ ನಡುವೆ ನಿಲ್ಲುತ್ತದೆ. ಶುದ್ಧ ಮಾಡುವ ಮುಂಚಿನ ಎರಕದ ಪಟ್ಟಿ ಒಂಬತ್ತರ ಹತ್ತಿರ ತೋರಿಸಿತ್ತು. ಬಿಸಿಲಲ್ಲಿ ಅಳೆಯಬೇಡಿ. ಹತ್ತು ಡಿಗ್ರಿ ಏರಿದರೆ ನಾಲ್ಕು ಶೇಕಡಾ ತಪ್ಪುತ್ತದೆ.

ಸುಮ್ನೆ ಮಾಡಿದ ಒಂದು ಪ್ರಯೋಗ ಹೇಳಲೇಬೇಕು. ಹಳೆ ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳ) ಕಾಂಟ್ಯಾಕ್ಟ್ ಸೇರಿದ ಮಾಲು ಹಾಕಿದಾಗ ಚೀಲದ ತಳದಲ್ಲಿ ಬೂದು ಕೆಸರು ಉಳಿಯಿತು. ಅದನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಸೋಸಿ, ಉಪ್ಪು ನೀರು ಬಿಟ್ಟೆ. ಮೊಸರಿನಂತೆ ಬಿಳಿ ಇಳಿಯಿತು, ಬೆಳಕಿಗೆ ಇಟ್ಟರೆ ನೇರಳೆಯಾಯಿತು. ಬೆಳ್ಳಿ! ಜೇಮ್ಸ್ ಎಲ್ಕಿಂಗ್ಟನ್ 1865ರಲ್ಲಿ ಈ ಶುದ್ಧೀಕರಣಕ್ಕೆ ಪೇಟೆಂಟ್ ಪಡೆದ ಕಾಲದಿಂದಲೂ ಕೆಸರಿನ ಬೆಳ್ಳಿ-ಬಂಗಾರ ಈ ಉದ್ಯಮದ ಆದಾಯದ ಒಂದು ಭಾಗ. ನನಗೆ ಸಿಕ್ಕಿದ್ದು ಕೆಲವು ಗ್ರಾಂ. ಆದರೂ ಆ ತಿಂಗಳ ಆಸಿಡ್ ಖರ್ಚು ಅದರಲ್ಲೇ ಹೋಯಿತು.

ತಗಡನ್ನು ಮಂದ ಕೆಂಪಾಗುವವರೆಗೆ ಕಾಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ, ಉಕ್ಕಿನ ಹಾಗೆ ಗಡುಸಾಗುವುದಿಲ್ಲ. ಅವಸರದ ತಗಡು ಇಲ್ಲೇ ಸಿಕ್ಕಿಬೀಳುತ್ತದೆ, ಒಳಗೆ ಸಿಕ್ಕ ದ್ರಾವಣ ಉಬ್ಬಿ ಗುಳ್ಳೆ ಏಳುತ್ತದೆ. ಒಳ್ಳೆಯದನ್ನು ಪಟ್ಟಿ ಕತ್ತರಿಸಿ ಬ್ಯಾಟರಿ ಸಾಲುಗಳಿಗೆ ಬಸ್‌ಬಾರ್ (ಕರೆಂಟ್ ಸಾಗಿಸುವ ದಪ್ಪ ಪಟ್ಟಿ) ಮಾಡುತ್ತಿದ್ದೇನೆ. ಹೊರಗಿನಿಂದ ಪಟ್ಟಿ ಕೊಳ್ಳುವುದು ನಿಂತಿದೆ.

ಹಳೆಯ ದ್ರಾವಣವನ್ನು ಚರಂಡಿಗೆ ಬಿಡಬೇಡಿ, ಕರಗಿದ ತಾಮ್ರ ಅಲ್ಪ ಇದ್ದರೂ ಮೀನು ಸಾಯುತ್ತದೆ. ಅದರಲ್ಲಿ ಕಬ್ಬಿಣದ ಚೂರು ಹಾಕಿ ಬಿಟ್ಟರೆ ಕಬ್ಬಿಣ ಕರಗಿ ತಾಮ್ರ ಪುಡಿಯಾಗಿ ಕೆಳಗೆ ಕೂರುತ್ತದೆ. ಪುಡಿ ಮೂಸೆಗೆ. ಉಳಿದ ನೀರಿಗೆ ಸುಣ್ಣ ಹಾಕಿ, ಕೆಸರು ಇಳಿಸಿ, ಒಣಗಿಸಿ ಡ್ರಮ್ಮಿನಲ್ಲಿ ತುಂಬಿ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುತ್ತೇನೆ.