ಪಾಯ ತೋಡುವಾಗ ಪಕ್ಕದಲ್ಲೊಬ್ಬರು: ಹಳೇ ಪೇಟೆಯ ಸಣ್ಣ ಕಾಮಗಾರಿಗಳಲ್ಲಿ ಪುರಾತತ್ವ ನಿಗಾ

ಬೆಂಗಳೂರಿನ ಚಿಕ್ಕಪೇಟೆ, ನಗರ್ತಪೇಟೆ, ಕಬ್ಬನ್‌ಪೇಟೆ, ಕುಂಬಾರಪೇಟೆಗಳ ಒಳಗಲ್ಲಿಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಮನೆಯ ಮುಂದೆ ಮರಳು ಜಲ್ಲಿಯ ರಾಶಿ ಬಿದ್ದಿರುತ್ತದೆ. ಒಬ್ಬರು ಅಂಗಳ ಒಡೆದು ನೀರಿನ ಸಂಪು ಮಾಡಿಸುತ್ತಾರೆ, ಇನ್ನೊಬ್ಬರು ಹಿತ್ತಲ ಗೋಡೆ ಕೆಡವಿ ನಾಲ್ಕು ಕಂಬಕ್ಕೆ ಪಾಯ ತೆಗೆಸುತ್ತಾರೆ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದಂದಿನಿಂದ ಜನ ಇದೇ ಜಾಗದಲ್ಲಿ ಬಿದ್ದ ಮನೆಯ ಮಣ್ಣಿನ ಮೇಲೆ ಹೊಸ ಮನೆ ಕಟ್ಟುತ್ತ ಬಂದಿರುವುದರಿಂದ, ಏಳಡಿ ಆಳದ ಸಂಪಿನ ಗುಂಡಿಯೊಂದು ಊರಿನ ಹಲವು ತಲೆಮಾರುಗಳನ್ನು ಒಂದೇ ದಿನದಲ್ಲಿ ಕತ್ತರಿಸಿ ಹೊರಗೆ ಹಾಕುತ್ತದೆ. ಆ ಮಣ್ಣು ಸಂಜೆಯೊಳಗೆ ಟಿಪ್ಪರ್ ಹತ್ತುತ್ತದೆ. ಅಲ್ಲಿ ಏನಿತ್ತು, ಯಾವುದರ ಮೇಲೆ ಯಾವುದಿತ್ತು ಎಂಬುದನ್ನು ಆಮೇಲೆ ಯಾರೂ ತಿಳಿಯಲಾರರು.

ಅಗೆತದ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ನೋಡಿ ಬರೆದಿಟ್ಟುಕೊಳ್ಳುವ ಕೆಲಸವೇ ಪುರಾತತ್ವ ನಿಗಾ. ಇದು ಉತ್ಖನನವಲ್ಲ. ಗುಂಡಿ ಎಷ್ಟುದ್ದ, ಎಷ್ಟಾಳ ಎಂಬುದನ್ನು ಮನೆಯ ಯಜಮಾನರ ಅಗತ್ಯ ನಿರ್ಧರಿಸುತ್ತದೆಯೇ ಹೊರತು ನಮ್ಮ ಕುತೂಹಲವಲ್ಲ, ಹಾಗೂ ಹೆಚ್ಚಿಗೆ ಒಂದು ಗೇಣು ಅಗೆಸುವ ಹಕ್ಕೂ ನಮಗಿಲ್ಲ. ಸಂರಕ್ಷಿತ ಪ್ರದೇಶಗಳ ಹೊರಗೆ ಖಾಸಗಿ ಮನೆಯ ಕೆಲಸಕ್ಕೆ ಇಂಥ ನಿಗಾ ಇರಲೇಬೇಕೆಂದು ನಮ್ಮಲ್ಲಿ ಕಾನೂನು ಹೇಳುವುದಿಲ್ಲವಾದ್ದರಿಂದ ಎಲ್ಲವೂ ಯಜಮಾನರ ಒಪ್ಪಿಗೆಯ ಮೇಲೆಯೇ ನಡೆಯಬೇಕು.

ಮೊದಲು ನೋಡಬೇಕಾದದ್ದು ನಿವೇಶನ ಎಲ್ಲಿದೆ ಎಂಬುದನ್ನು. ಬೆಂಗಳೂರು ಕೋಟೆಯೂ ಟಿಪ್ಪುವಿನ ಬೇಸಿಗೆ ಅರಮನೆಯೂ ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಇಂಥ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆಗೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ನಿಷಿದ್ಧ ವಲಯದೊಳಗೆ ಇರುವ ಮನೆಯ ದುರಸ್ತಿ, ನವೀಕರಣಗಳಿಗೆ ಅವಕಾಶವುಂಟು, ಆದರೆ ಅದಕ್ಕೂ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಅಳತೆಯನ್ನು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ತೆಗೆದುಕೊಳ್ಳುತ್ತಾರೆ ಎಂಬುದನ್ನು ಮರೆತು ತೊಂದರೆಗೆ ಸಿಕ್ಕಿಕೊಳ್ಳುವವರೇ ಹೆಚ್ಚು. ರಾಜ್ಯದ 1961ರ ಕಾಯ್ದೆಯಡಿ ರಕ್ಷಿತವಾದ ಸ್ಮಾರಕಗಳ ಪಟ್ಟಿ ಬೇರೆಯೇ ಇದೆ; ಅದನ್ನೂ ನೋಡಿಕೊಳ್ಳಬೇಕು. ನಗರಪಾಲಿಕೆಯ ಪರವಾನಗಿ ಇವುಗಳಿಗೆ ಬದಲಿಯಲ್ಲ.

ಎರಡನೆಯದು, ಅಗೆಯುವ ಮೊದಲೇ ಜಾಗದ ಚರಿತ್ರೆ ಓದಿಕೊಳ್ಳುವುದು. ಇದಕ್ಕೆ ದೊಡ್ಡ ಗ್ರಂಥಾಲಯಕ್ಕಿಂತ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರವೇ ಹೆಚ್ಚು ನೆರವಾಗುತ್ತದೆ, ಏಕೆಂದರೆ ಅದರ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಈಗ ಕಾಣದ ಸೇದುವ ಬಾವಿ, ಓಣಿ, ಮೋರಿ, ಛತ್ರದ ಗೋಡೆಗಳು ದಿಕ್ಕಿನ ಸಮೇತ ದಾಖಲಾಗಿರುತ್ತವೆ. ಮನೆಯ ಹಿರಿಯರನ್ನು ಬಾವಿ ಎಲ್ಲಿತ್ತು, ಬಚ್ಚಲು ನೀರು ಎತ್ತ ಹರಿಯುತ್ತಿತ್ತು ಎಂದು ಕೇಳಿದರೆ ಅರ್ಧ ನಕ್ಷೆ ಅಲ್ಲೇ ಸಿಗುತ್ತದೆ. ಊರಿನ ಮಟ್ಟದಲ್ಲಿ 1791ರ ಮುತ್ತಿಗೆಯ ಕಾಲದಲ್ಲಿ ಬ್ರಿಟಿಷರು ಬರೆದ ನಕ್ಷೆಗಳು ಪೇಟೆಯ ಸುತ್ತಿನ ಕಂದಕವನ್ನೂ ಕೋಟೆಯ ಕೊತ್ತಲಗಳನ್ನೂ ತೋರಿಸುತ್ತವೆ. ಶಾಸನಗಳ ಮಟ್ಟಿಗೆ 1905ರಲ್ಲಿ ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟವನ್ನು ನೋಡಬೇಕು. ಮುಚ್ಚಿಹೋದ ಕೆರೆಕಟ್ಟೆಗಳ ನೆನಪೂ ಬೇಕು: ಸಿದ್ದಿಕಟ್ಟೆಯ ಜಾಗದಲ್ಲಿ 1920ರ ದಶಕದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು, ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಇಂಥ ಕಡೆ ಗುಂಡಿಯಲ್ಲಿ ಕಪ್ಪು ಜಿಗುಟು ಮಣ್ಣು ಬಂದರೆ ಅದು ಹೂಳೆಂದು ಮೊದಲೇ ಊಹಿಸಬಹುದು.

ಮೂರನೆಯದು ಮೇಸ್ತ್ರಿಯೊಡನೆ ಮಾಡಿಕೊಳ್ಳುವ ಒಪ್ಪಂದ. ನನ್ನ ಅನುಭವದಲ್ಲಿ ನಿಗಾ ಕೆಟ್ಟರೆ ಮಣ್ಣಿನಿಂದ ಕೆಡುವುದಿಲ್ಲ, ಕೂಲಿಯ ಲೆಕ್ಕದಿಂದ ಕೆಡುತ್ತದೆ. ಅಗೆತವನ್ನು ಗುತ್ತಿಗೆಗೆ ಕೊಟ್ಟಿದ್ದರೆ ನಿಲ್ಲಿಸಿದ ಪ್ರತಿ ಅರ್ಧ ಗಂಟೆಯೂ ಕೆಲಸಗಾರರ ಜೇಬಿನಿಂದಲೇ ಹೋಗುತ್ತದೆ, ಆಗ ಯಾರೂ ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ಅಗೆಯುವ ದಿನಗಳ ಮಟ್ಟಿಗಾದರೂ ದಿನಗೂಲಿ ಇರಲಿ. ‘ನಿಲ್ಲಿಸಿ’ ಎಂದು ಹೇಳುವ ಅಧಿಕಾರ ಯಾರಿಗೆ, ಒಂದು ಸಲಕ್ಕೆ ಎಷ್ಟು ಹೊತ್ತು, ಸಿಕ್ಕಿದ್ದನ್ನು ಎಲ್ಲಿಡುವುದು ಎಂಬ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರ ಸಹಿ ಪಡೆಯಬೇಕು. ವಸ್ತು ಸಿಕ್ಕರೆ ಇನಾಮು ಎಂದು ಮಾತ್ರ ಎಂದೂ ಹೇಳಬಾರದು. ಹೇಳಿದ ಮರುಗಳಿಗೆಯೇ ಗೋಡೆಯ ಬದಿಯನ್ನು ಹಾರೆಯಿಂದ ಕೆದಕುವ ಕೆಲಸ ಆರಂಭವಾಗುತ್ತದೆ, ಸಂಜೆಗೆ ಬೀದಿಯಲ್ಲೆಲ್ಲ ಕೊಪ್ಪರಿಗೆ ಸಿಕ್ಕಿದೆಯೆಂಬ ಸುದ್ದಿ ಹಬ್ಬುತ್ತದೆ.

ಬೇಕಾಗುವ ಸಾಮಾನು ಕಡಿಮೆ: ಗಾರೆ ಕೆಲಸದ ಚಿಕ್ಕ ಕರಣೆ, ಗಟ್ಟಿ ಕುಂಚ, ಅಳತೆಯ ಟೇಪು, ರಸಮಟ್ಟ, ಗ್ರಾಫ್ ಹಾಳೆ, ಪೆನ್ಸಿಲ್, ಬಳಪ ಮತ್ತು ಸ್ಲೇಟು, ಬೀಗದಂಚಿನ ಪ್ಲಾಸ್ಟಿಕ್ ಚೀಲಗಳು, ಫೋನಿನ ಕ್ಯಾಮೆರಾ. ಪೆನ್ನು ಬೇಡ, ಮಳೆ ಹನಿ ಬಿದ್ದರೆ ಶಾಯಿ ಉಳಿಯುವುದಿಲ್ಲ.

ಅಗೆತ ಆರಂಭವಾಗುವ ಮೊದಲು ಆಳ ಅಳೆಯಲು ಕದಲದ ಒಂದು ಬಿಂದುವನ್ನು ಗೊತ್ತುಮಾಡಿಕೊಳ್ಳಬೇಕು. ಪೇಟೆಯ ಮನೆಗಳಲ್ಲಿ ಬೀದಿಬಾಗಿಲ ಕಲ್ಲಿನ ಹೊಸ್ತಿಲಿಗಿಂತ ಒಳ್ಳೆಯ ಗುರುತಿಲ್ಲ. ಆದರೆ ಕಾಮಗಾರಿಯಲ್ಲಿ ಹೊಸ್ತಿಲನ್ನೇ ಕೀಳುವುದಿದ್ದರೆ ಎದುರುಮನೆಯ ಜಗಲಿ ಚಪ್ಪಡಿಯನ್ನು ಆರಿಸಿಕೊಳ್ಳಬೇಕು. ಮುಂದಿನ ಎಲ್ಲ ಆಳವೂ ಆ ಬಿಂದುವಿನಿಂದ ಇಷ್ಟು ಸೆಂಟಿಮೀಟರ್ ಕೆಳಗೆ ಎಂದೇ ಬರೆಯಲ್ಪಡಬೇಕು. ಅಂಗಳದ ನೆಲದಿಂದ ಅಳೆದರೆ, ನೆಲ ಕಿತ್ತ ಮೇಲೆ ಆ ಅಂಕಿಗಳಿಗೆ ಅರ್ಥವಿರುವುದಿಲ್ಲ. ಒಳಗಲ್ಲಿಗಳಿಗೆ ಜೆಸಿಬಿ ನುಗ್ಗುವುದಿಲ್ಲ ಎಂಬುದು ನಮ್ಮ ಪುಣ್ಯ. ಗುದ್ದಲಿ ಬಾಂಡ್ಲಿಗಳಲ್ಲಿ ನಡೆಯುವ ಅಗೆತದಲ್ಲಿ ಪ್ರತಿ ಗೇಣಿಗೂ ನೋಡಲು ಬಿಡುವು ಸಿಗುತ್ತದೆ. ಯಂತ್ರ ಬರುವ ಕಡೆ ಹಲ್ಲಿಲ್ಲದ ಬಕೆಟ್ ಹಾಕಿಸಿ, ಒಂದು ಸಲಕ್ಕೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಕೆರೆಯದಂತೆ ಚಾಲಕರನ್ನು ಕೇಳಿಕೊಳ್ಳಬೇಕು. ಯಂತ್ರ ಆಡುತ್ತಿರುವಾಗ ಗುಂಡಿಗೆ ಇಳಿಯುವುದು ಸಲ್ಲದು. ಗುಂಡಿ ಐದಡಿ ದಾಟಿದ ಮೇಲೆ ಬದಿಗೆ ಹಲಗೆಯ ಆಸರೆಯಿಲ್ಲದೆ ಯಾರೂ ಒಳಗಿರಬಾರದು. ಪೇಟೆಯಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆಯಿರುವುದು ಸಾಮಾನ್ಯ, ಅದರ ಬುಡ ಸಡಿಲವಾದರೆ ಆಗುವ ಅನಾಹುತಕ್ಕೆ ಯಾವ ದಾಖಲೆಯೂ ಸಮಾಧಾನವಲ್ಲ.

ಇನ್ನು ಗುಂಡಿಯ ಬದಿಯನ್ನು ಓದುವುದು. ನಿಗಾದ ಜೀವಾಳ ಇದೇ. ಅಗೆದ ಬದಿಯನ್ನು ಕರಣೆಯಿಂದ ಲಂಬವಾಗಿ ಕೆರೆದು ನೀರು ಚಿಮುಕಿಸಿದರೆ ಬಣ್ಣದ ಪಟ್ಟಿಗಳು ಎದ್ದು ಕಾಣುತ್ತವೆ. ಪ್ರತಿ ಪದರಕ್ಕೂ ಒಂದು ಸಂಖ್ಯೆ ಕೊಟ್ಟು ಅದರ ಬಣ್ಣ, ಒರಟೋ ನಯವೋ ಎಂಬುದು, ಒಳಗೆ ಬೆರೆತಿರುವುದೇನು, ಮೇಲೇನಿದೆ ಕೆಳಗೇನಿದೆ ಎಂಬುದನ್ನು ಬರೆಯಬೇಕು. ಮೇಲ್ಗಡೆ ಸಾಮಾನ್ಯವಾಗಿ ಸಿಮೆಂಟಿನ ಚಕ್ಕೆ, ರೆಡ್‌ ಆಕ್ಸೈಡ್ ನೆಲದ ತುಂಡುಗಳು ಬರುತ್ತವೆ. ಕೊಳಾಯಿಯ ಕಬ್ಬಿಣದ ಪೈಪು ಕಂಡರೆ ಅದಕ್ಕಾಗಿ ತೋಡಿದ ಕಾಲುವೆ ಹೆಸರಘಟ್ಟದ ನೀರು ಊರಿಗೆ ಬಂದ 1896ಕ್ಕಿಂತ ಹಿಂದಿನದಲ್ಲ ಎನ್ನಬಹುದು. ಮುದ್ರೆಯೊತ್ತಿದ ಮಂಗಳೂರು ಹೆಂಚಿನ ಚೂರಿದ್ದರೆ ಆ ಪದರ 1865ರ ಈಚಿನದು, ಏಕೆಂದರೆ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ ಆ ವರ್ಷ. ಅದರ ಕೆಳಗೆ ಸುಣ್ಣದ ಗಾರೆ, ನಾಡಹೆಂಚು, ಬಳೆಚೂರು, ಒಲೆಬೂದಿ, ಮಸಿ ಹಿಡಿದ ಮಡಕೆಯ ಬೋಕಿಗಳು. ಎಲ್ಲಕ್ಕೂ ಕೆಳಗೆ ಏನೂ ಬೆರೆಯದ ಕೆಂಪು ಗರಸು. ಆ ಗರಸು ತಲುಪಿದರೆ ಮನುಷ್ಯನ ಕೈ ಸೋಕದ ನೆಲ ಬಂತೆಂದು ಅರ್ಥ.

ಪದರದ ಕಾಲವನ್ನು ಅದರಲ್ಲಿರುವ ಅತ್ಯಂತ ಹಳೆಯ ವಸ್ತುವಲ್ಲ, ಅತ್ಯಂತ ಹೊಸ ವಸ್ತು ಹೇಳುತ್ತದೆ. ಈ ನಿಯಮ ನನಗೆ ಓದಿನಿಂದ ಗೊತ್ತಿತ್ತು, ತಲೆಗೆ ಹೋದದ್ದು ಮಾತ್ರ ಒಂದು ಸಂಪಿನ ಗುಂಡಿಯಲ್ಲಿ. ಐದಡಿ ಆಳದಲ್ಲಿ ಟಿಪ್ಪುವಿನ ಕಾಲದ ಆನೆ ಗುರುತಿನ ತಾಮ್ರದ ಕಾಸು ಸಿಕ್ಕಿತು. ಹದಿನೆಂಟನೆಯ ಶತಮಾನದ ನೆಲ ಎಂದು ಉಬ್ಬಿ ಬರೆದುಕೊಂಡೆ. ಮರುದಿನ ಅದೇ ಮಟ್ಟದಲ್ಲಿ, ಅದಕ್ಕಿಂತ ಒಂದು ಗೇಣು ಕೆಳಗೂ, ನಂದಿನಿ ಹಾಲಿನ ಪ್ಲಾಸ್ಟಿಕ್ ಪೊಟ್ಟಣಗಳು ಬಂದವು. ಒಳಚರಂಡಿಗೆಂದು ಹಿಂದೆ ಯಾರೋ ತೋಡಿ ಅದೇ ಮಣ್ಣು ತುಂಬಿದ್ದ ಕಾಲುವೆ ಅದಾಗಿತ್ತು, ಬದಿಯನ್ನು ಕೆರೆದು ನೋಡಿದ್ದರೆ ಅದರ ಅಂಚು ಮೊದಲ ದಿನವೇ ಕಾಣುತ್ತಿತ್ತು. ಇಲಿಬಿಲ, ಮುಚ್ಚಿದ ಬಾವಿ, ಹಳೆಯ ಕಂಬದ ಕುಳಿ ಎಲ್ಲವೂ ಹೀಗೆಯೇ ಮೇಲಿನದನ್ನು ಕೆಳಕ್ಕೆ ಒಯ್ಯುತ್ತವೆ. ಇವನ್ನು ಪದರವೆಂದಲ್ಲ, ಪದರಗಳನ್ನು ಕಡಿದ ಗುಂಡಿಯೆಂದು ಬೇರೆ ಸಂಖ್ಯೆ ಕೊಟ್ಟು ಬರೆಯಬೇಕು.

ಪ್ರತಿ ಬದಿಯ ಫೋಟೊದಲ್ಲಿಯೂ ಅಳತೆಪಟ್ಟಿ, ಮತ್ತು ದಿನಾಂಕ, ದಿಕ್ಕು, ಪದರದ ಸಂಖ್ಯೆ ಬರೆದ ಸ್ಲೇಟು ಇರಲಿ. ಬಿಸಿಲು ನೆತ್ತಿಗೇರಿದಾಗ ಒಂದು ಪಕ್ಕ ಬೆಳಕು ಇನ್ನೊಂದು ಪಕ್ಕ ನೆರಳಾಗುವುದರಿಂದ ಟಾರ್ಪಾಲು ಹಿಡಿಸಿ ಪೂರ್ತಿ ನೆರಳಿನಲ್ಲಿ ತೆಗೆಯುವುದು ಮೇಲು. ಫೋಟೊ ಇದ್ದರೂ 1:20ರ ಪ್ರಮಾಣದಲ್ಲಿ ಒಂದು ಬದಿಯನ್ನಾದರೂ ಕೈಯಿಂದ ಬರೆಯಬೇಕು. ಬರೆಯುವಾಗ ಕಣ್ಣು ನೋಡುವಷ್ಟನ್ನು ಕ್ಯಾಮೆರಾ ನೋಡುವುದಿಲ್ಲ.

ಸಿಕ್ಕ ವಸ್ತುಗಳನ್ನು ಪದರಕ್ಕೊಂದು ಚೀಲದಲ್ಲಿಟ್ಟು ಚೀಟಿ ಹಾಕಬೇಕು. ಎರಡು ಪದರದ ಬೋಕಿಗಳು ಬೆರೆತರೆ ಎರಡೂ ಕಸವೇ. ಮಡಕೆ ಚೂರನ್ನು ಬರಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬಹುದು. ತಾಮ್ರ, ಬೆಳ್ಳಿಯ ನಾಣ್ಯಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುವ ಅಭ್ಯಾಸ ಮನೆಮನೆಯಲ್ಲೂ ಇದೆ. ಹಾಗೆ ಉಜ್ಜಿದರೆ ಕಿಲುಬಿನ ಜತೆಗೆ ಅಕ್ಷರವೂ ಹೋಗುತ್ತದೆ. ಲೋಹವನ್ನು ಒಣಗಿದಂತೆಯೇ, ಹಸಿ ಮರ ತೊಗಲುಗಳನ್ನು ಒದ್ದೆಯಾಗಿಯೇ ಇಟ್ಟು ಬಲ್ಲವರಿಗೆ ತಲುಪಿಸಬೇಕು. ಕೋಟೆಯ ಆಸುಪಾಸಿನಲ್ಲಿ ಕಬ್ಬಿಣದ ಗುಂಡು ಸಿಕ್ಕರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2012ರಲ್ಲಿ ಮೆಟ್ರೊಗಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಅಗೆಯುವಾಗ ಎರಡು ಫಿರಂಗಿಗಳೂ ಗುಂಡುಗಳೂ ದೊರೆತಿದ್ದವು. ಗುಂಡು ಪೊಳ್ಳಾಗಿದ್ದು ಅದಕ್ಕೊಂದು ತೂತಿದ್ದರೆ ಒಳಗೆ ಮದ್ದು ಉಳಿದಿರಬಹುದು; ಅದನ್ನು ತಟ್ಟದೆ, ಎತ್ತದೆ ಪೊಲೀಸರಿಗೆ ತಿಳಿಸಬೇಕು. ಮನುಷ್ಯರದೆಂದು ತೋರುವ ಮೂಳೆ ಬಂದರೂ ಕೆಲಸ ನಿಲ್ಲಿಸಿ ಮೊದಲು ಪೊಲೀಸರಿಗೇ ಹೇಳಬೇಕು.

ನಾಣ್ಯದ ಗಂಟು, ಒಡವೆ, ವಿಗ್ರಹಗಳು ನೆಲದಿಂದ ಬಂದರೆ ಅದು ತಾನಾಗಿಯೇ ಮನೆಯವರ ಸ್ವತ್ತಾಗುವುದಿಲ್ಲ. ನಿಧಿಗೆ ಸಂಬಂಧಿಸಿ 1878ರ ಕೇಂದ್ರ ಕಾಯ್ದೆಯೂ 1962ರ ಕರ್ನಾಟಕದ ಕಾಯ್ದೆಯೂ ಇವೆ. ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಜಿಲ್ಲಾಧಿಕಾರಿಗಳಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯುವುದೇ ನೇರ ದಾರಿ. 1891ರಲ್ಲಿ ಯಶವಂತಪುರದ ಬಳಿ ರೈಲು ಮಾರ್ಗಕ್ಕೆ ಮಣ್ಣು ಕಡಿಯುವಾಗ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಬರೆದವರಿದ್ದುದರಿಂದಲೇ ಇಂದಿಗೂ ನಮ್ಮ ಚರಿತ್ರೆಯ ಸಾಕ್ಷಿಗಳಾಗಿವೆ.

ಅಕ್ಷರವಿರುವ ಕಲ್ಲು ಗುಂಡಿಯಲ್ಲೇ ಸಿಗಬೇಕೆಂದಿಲ್ಲ. ಬಟ್ಟೆ ಒಗೆಯುವ ಕಲ್ಲು, ಮೋರಿಯ ಮುಚ್ಚಳ, ಮೆಟ್ಟಿಲ ಚಪ್ಪಡಿಗಳ ಅಡಿಮುಖವನ್ನೂ ತಿರುಗಿಸಿ ನೋಡಬೇಕು. ಬೇಗೂರಿನ ನಾಗೇಶ್ವರ ದೇಗುಲದ ಸುಮಾರು ಕ್ರಿ.ಶ. 890ರ ವೀರಗಲ್ಲು ‘ಬೆಂಗಳೂರು’ ಎಂಬ ಹೆಸರನ್ನು ಉಳಿಸಿಕೊಟ್ಟಿದೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಕಲ್ಲಿಗೆ ಬಣ್ಣ, ಎಣ್ಣೆ, ಆಸಿಡ್ ಯಾವುದೂ ತಾಗದಿರಲಿ. ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆದರೆ ಸವೆದ ಅಕ್ಷರಗಳೂ ಕಾಣುತ್ತವೆ. ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸುವುದರ ಜತೆಗೆ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೂ ಸುದ್ದಿ ಮುಟ್ಟಿಸಬಹುದು. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಅವರು ನಡೆಸುತ್ತಿದ್ದಾರೆ.

ಬಹುಪಾಲು ಗುಂಡಿಗಳಲ್ಲಿ ಏನೂ ಸಿಗುವುದಿಲ್ಲ. ಆಗಲೂ ಎರಡು ಪುಟದ ವರದಿ ಬರೆಯಲೇಬೇಕು, ಏಕೆಂದರೆ ಇಂಥ ಬೀದಿಯ ಇಂಥ ಕಡೆ ಎರಡಡಿಗೇ ಗರಸು ಬಂತು ಎಂಬ ಒಂದು ಸಾಲು, ಅಲ್ಲಿ ಹಳೆಯ ವಸತಿಯಿರಲಿಲ್ಲವೆಂದೋ ಇದ್ದ ನೆಲವನ್ನು ಎಂದೋ ಕೆರೆದು ಹಾಕಿದ್ದಾರೆಂದೋ ಮುಂದಿನವರಿಗೆ ತಿಳಿಸುತ್ತದೆ. ಒಂದು ಪ್ರತಿ ಮನೆಯವರ ಕ್ರಯಪತ್ರದ ಜತೆಗಿರಲಿ, ಇನ್ನೊಂದು ಇಲಾಖೆಗೆ ಹೋಗಲಿ.

ಹಳೆಯ ಗೋಡೆಯ ಬುಡವೋ ಕಲ್ಲುಹಾಸೋ ಗುಂಡಿಯ ತಳದಲ್ಲಿ ಕಂಡು, ಅದನ್ನು ಕೀಳದೆಯೇ ಕೆಲಸ ಮುಗಿಯುವಂತಿದ್ದರೆ ಎಂಜಿನಿಯರರೊಡನೆ ಮಾತಾಡಿ ಅಲ್ಲೇ ಬಿಡಬೇಕು. ಅದರ ಮೇಲೆ ತೆಳು ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಿ ಅರ್ಧ ಅಡಿ ತೊಳೆದ ಮರಳು ಹರಡಿ, ಮುಂದೆ ಅಗೆಯುವವರಿಗೆ ಕಾಲ ತಿಳಿಯಲೆಂದು ಮರಳಿನೊಳಗೆ ಆ ವರ್ಷದ ಇಸವಿಯಿರುವ ಒಂದು ರೂಪಾಯಿ ನಾಣ್ಯ ಹಾಕಿ, ಆಮೇಲೆ ಕಾಂಕ್ರೀಟು ಸುರಿಯಲು ಮೇಸ್ತ್ರಿಗೆ ಹೇಳಬಹುದು.