ಟ್ರಂಕಲ್ಲಿರೋ ಹಳೇ ಗ್ರೀಟಿಂಗ್ ಕಾರ್ಡು ಯಾವ ಕಾಲದ್ದು, ಯಾವ ಕಂಪನಿದು ಅಂತ ಕಂಡುಹಿಡಿಯೋದು ಹೆಂಗೆ

ದಾವಣಗೆರೆಯ ನಮ್ಮನೆ ಅಟ್ಟದ ಟ್ರಂಕಲ್ಲಿ ನಮ್ಮವ್ವ ಎತ್ತಿಟ್ಟಿದ್ದ ಸಂಕ್ರಾಂತಿ, ಹೊಸ ವರ್ಷದ ಕಾರ್ಡು ಒಂದು ಕಟ್ಟು ಸಿಕ್ತು, ನಿಮ್ಮನೇಲೂ ಇದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡ್ರಿ, ಮೊದ್ಲು ತಿರುಗಿಸಿ ಹಿಂದ್ಗಡೆ ನೋಡ್ರಿ. ಮುಂದಿರೋ ಗುಲಾಬಿ, ಕಬ್ಬು, ಎಳ್ಳುಬೆಲ್ಲದ ಚಿತ್ರ ನೋಡಿ ಕಾಲ ಹೇಳೋದು ಕಷ್ಟ. ಕಂಪನಿ ಹೆಸರು, ಊರು, ರೇಟು ಇರೋದು ಹಿಂದೆ ಸಣ್ಣಕ್ಷರದಲ್ಲಿ.

ಆ ಹೆಸರಿಗೂ ಒಂದು ಕಾಲ ಅಂತ ಇರುತ್ತೆ. ಅಮೆರಿಕದ ಹಾಲ್‌ಮಾರ್ಕ್ ತಗಳ್ರಿ, ಜಾಯ್ಸ್ ಹಾಲ್ ಅನ್ನೋ 18 ವರ್ಷದ ಹುಡುಗ 1910ರಲ್ಲಿ ಎರಡು ಶೂ ಡಬ್ಬಿ ತುಂಬ ಪೋಸ್ಟ್‌ಕಾರ್ಡ್ ಹಿಡ್ಕಂಡು ಕಾನ್ಸಾಸ್ ಸಿಟಿಗೆ ಬಂದು ವ್ಯಾಪಾರ ಶುರು ಮಾಡಿದ, 1915ರಲ್ಲಿ ಬೆಂಕಿ ಬಿದ್ದು ಸ್ಟಾಕೆಲ್ಲ ಸುಟ್ಟೋಯ್ತು, ಆಮೇಲೆ ತಾವೇ ಪ್ರಿಂಟ್ ಮಾಡೋಕೆ ಇಳಿದ್ರು, ಆದ್ರೂ ಕಾರ್ಡಿನ ಹಿಂದೆ ಹಾಲ್‌ಮಾರ್ಕ್ ಅಂತ ಬಂದಿದ್ದು 1928ರಲ್ಲಿ. ನಮ್ ದೇಶದ ಆರ್ಚೀಸ್ ಶುರುವಾಗಿದ್ದೇ 1979ರಲ್ಲಿ, ದಿಲ್ಲೀಲಿ, ಹಂಗಾಗಿ ಆ ಹೆಸರಿದ್ರೆ ಅದಕ್ಕಿಂತ ಹಳೇದು ಆಗಕ್ಕೆ ಸಾಧ್ಯನೇ ಇಲ್ಲ. ಬಾಂಬೆ ಅಂತಿದ್ರೆ ಸುಮಾರಾಗಿ 1995ಕ್ಕೆ ಮುಂಚೆ, ಮದ್ರಾಸ್ ಅಂತಿದ್ರೆ 1996ಕ್ಕೆ ಮುಂಚೆ ಅಂದ್ಕಳ್ರಿ.

ನನಗೆ ಭಾಳ ಖುಷಿ ಕೊಟ್ಟಿದ್ದು ಕವರ್ ಮೇಲಿನ ಅಡ್ರೆಸ್ಸು. ಕವರ್ ಇದ್ರೆ ಅರ್ಧ ಕೆಲಸ ಮುಗೀತು. ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ, ಅಂದ್ರೆ 577ರಿಂದ ಶುರುವಾಗೋ ನಂಬರ್ ಬರ್ದಿದ್ರೆ ಅದರಿಂದ ಈಚಿನದೇ. 'ಮೈಸೂರು ರಾಜ್ಯ' ಅಂತಿದ್ರೆ 1973ರ ನವೆಂಬರ್ 1ಕ್ಕೆ ಮುಂಚೆ. ಎರಡೂ ಒಂದೇ ಕವರ್ ಮೇಲಿದ್ರೆ ನೋಡ್ರಿ, ಬರೀ ಒಂದು ವರ್ಷ ಚಿಲ್ರೆ ಒಳಗೆ ಬಂದು ನಿಲ್ತು! 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತಿದ್ರೆ 1997ಕ್ಕೆ ಮುಂಚಿಂದು, ಆ ವರ್ಷನೇ ನಮ್ದು ಬೇರೆ ಜಿಲ್ಲೆ ಆಗಿದ್ದು. ಆದ್ರೆ ಜನ ರೂಢಿ ಮೇಲೆ ಹಳೇ ಅಡ್ರೆಸ್ಸೇ ಬರೀತಾರೆ, ಅದಕ್ಕೆ ಅಂಚೆ ಸೀಲಿನ ತಾರೀಕು ಓದೋಕೆ ಬಂದ್ರೆ ಅದನ್ನೇ ನಂಬ್ರಿ. ಸ್ಟಾಂಪ್ ಆಸೆಗೆ ಕವರ್ ಹರೀಬೇಡ್ರಿ, ಸೀಲೂ ಅದರ ಜೊತೆ ಹೋಗುತ್ತೆ.

ಗೊತ್ತಾಗಿದ್ದನ್ನ ಬೇರೆ ಚೀಟೀಲಿ ಪೆನ್ಸಿಲಲ್ಲಿ ಬರ್ದು ಜೊತೆಗಿಡ್ರಿ. ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ, ಟೇಪು ಹಳದಿ ಆಗಿ ಕಾಗದನೇ ತಿನ್ನುತ್ತೆ. ಆಮೇಲೆ ಕಾರ್ಡು ಹಿಡ್ಕಂಡು ಮನೇಲಿ ದೊಡ್ಡೋರ ಹತ್ರ ಕೂತು ಇದನ್ನ ಕಳಿಸಿದ್ದು ಯಾರು, ಎಲ್ಲಿ ತಗಂಡಿದ್ದು ಅಂತ ಕೇಳ್ರಿ, ಅದನ್ನೂ ಅದೇ ಚೀಟೀಲಿ ಬರೀರಿ.