ಹೆಬ್ಬಾತು ಬರುವ ಮುಂಚೆ: ಹದಿನಾರು ಕೆರೆಯಂಚಿನಲ್ಲಿ ಉತ್ತರೆ, ಹಸ್ತದ ದಿನಗಳು

ಹದಿನಾರು ಕೆರೆಗೆ ಹಕ್ಕಿ ನೋಡುವವರು ಹೋಗುವುದು ಡಿಸೆಂಬರ್, ಜನವರಿಯಲ್ಲಿ. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮ ಮೈಸೂರು ಅರಸರ ಮೂಲದ ಕತೆಯಲ್ಲಿ ಬರುವ ಊರು. ಹಕ್ಕಿ ಹುಚ್ಚಿನವರಿಗೆ ಮಾತ್ರ ಅದು ಪಟ್ಟೆತಲೆ ಹೆಬ್ಬಾತಿನ ಊರು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಈ ಕೆರೆಯಲ್ಲಿ ಕಂಡಿವೆ. ಹಿಮಾಲಯ ದಾಟಿ ಬಂದ ಹಕ್ಕಿಯನ್ನು ನಮ್ಮ ಹೊಲದಲ್ಲಿ ನೋಡಬೇಕೆಂದು ಬೆಂಗಳೂರಿನಿಂದೆಲ್ಲ ಮೊಳದುದ್ದದ ಲೆನ್ಸ್ ಹೊತ್ತು ಬರುತ್ತಾರೆ. ನಾನೂ ಹೋಗುತ್ತೇನೆ, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಈ ಕೆರೆ ಹೆಚ್ಚು ಇಷ್ಟವಾಗುವುದು ಅದಕ್ಕೆ ಎರಡು ಮೂರು ತಿಂಗಳು ಮೊದಲೇ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ ಮಳೆ ಹುಟ್ಟಿದಾಗಿನಿಂದ ಹಸ್ತ ಮುಗಿಯುವವರೆಗೆ.

“ಆಗ ಅಲ್ಲೇನಿರುತ್ತೆ?” ಅಂತ ಗೆಳೆಯರು ಕೇಳುತ್ತಾರೆ. ನೀರಿನ ಮೇಲಷ್ಟೇ ಕಣ್ಣಾಡಿಸಿದರೆ ಅವರು ಹೇಳುವುದೂ ಸರಿಯೇ. ಉತ್ತರದ ಬಾತುಗಳು ಇನ್ನೂ ಇಳಿದಿರುವುದಿಲ್ಲ. ಕೆರೆ ತುಂಬಿದ್ದರೆ ಕೆಸರಿನ ಅಂಚು ಇರುವುದಿಲ್ಲ. ಕೆಸರಿಲ್ಲದ ಮೇಲೆ ಗೊರವಗಳಿಗೇನು ಕೆಲಸ? ನಡುನೀರಿನಲ್ಲಿ ನಾಮದಕೋಳಿ, ಗುಳುಮುಳುಕ, ಒಂದೆರಡು ಹೆಜ್ಜಾರ್ಲೆ, ರೆಕ್ಕೆ ಹರವಿಕೊಂಡು ಕೂತ ನೀರುಕಾಗೆ. ಐದು ನಿಮಿಷಕ್ಕೆ ಪಟ್ಟಿ ಮುಗಿಯುತ್ತದೆ. ಈ ತಿಂಗಳ ಸಂತೆಯೆಲ್ಲ ಜೊಂಡಿನಲ್ಲಿ, ಏರಿಯ ಕಲ್ಲಿನಲ್ಲಿ, ಬೇಲಿಯ ಲಂಟಾನದಲ್ಲಿ, ಹೆಚ್ಚೆಂದರೆ ಆಳೆತ್ತರದೊಳಗೆ ನಡೆಯುತ್ತಿರುತ್ತದೆ. ಅಂಗಡಿ ಹಾಕಿಕೊಂಡಿರುವುದು ಹುಳಗಳು, ಹಕ್ಕಿಗಳು ಬರೀ ಗಿರಾಕಿಗಳು. ಹಾಗಾಗಿ ನಾನು ಮೊದಲು ಹುಳ ಹುಡುಕುತ್ತೇನೆ.

ಕೆರೆ ಸುತ್ತು ಹಾಕುವ ಅಭ್ಯಾಸ ಇಟ್ಟುಕೊಂಡಿಲ್ಲ. ಮೂರು ಜಾಗ ಗೊತ್ತು ಮಾಡಿಕೊಂಡಿದ್ದೇನೆ: ಜೊಂಡು ದಟ್ಟವಾಗಿರುವ ಒಂದು ಮೂಲೆ, ಏರಿಯ ಕಲ್ಲು ಕಟ್ಟಿದ ಇಳಿಜಾರು, ಹೊಲದ ಕಡೆಯ ಬೇಲಿ. ಒಂದೊಂದರಲ್ಲೂ ಅರ್ಧ ಮುಕ್ಕಾಲು ಗಂಟೆ ಕದಲದೆ ಕೂರುವುದು. ಬೈನಾಕ್ಯುಲರ್ ಎಂಟು ಪಟ್ಟಿನದು ಸಾಕು. ಕೊಳ್ಳುವಾಗ ಎಷ್ಟು ದೂರ ಕಾಣುತ್ತದೆ ಎನ್ನುವುದಕ್ಕಿಂತ ಎಷ್ಟು ಹತ್ತಿರದ್ದನ್ನು ಸ್ಪಷ್ಟವಾಗಿ ತೋರಿಸುತ್ತದೆ ಎಂದು ಕೇಳಿ. ಎರಡು ಮೀಟರ್ ದೂರದ ಚಿಟ್ಟೆ ಮಸುಕಾಗದೆ ಕಂಡರೆ ಅದು ನಮ್ಮ ಕೆಲಸಕ್ಕೆ ಬರುವ ಬೈನಾಕ್ಯುಲರ್. ಇನ್ನೂ ಹತ್ತಿರದ್ದಕ್ಕೆ ಭೂತಗನ್ನಡಿ ಬೇಕಿಲ್ಲ. ಅದನ್ನೇ ತಿರುಗಿಸಿ ಹಿಡಿದು, ಕಣ್ಣಿಡುವ ಕಡೆಯ ಗಾಜನ್ನು ಹುಳದಿಂದ ಬೆರಳಗಲ ದೂರಕ್ಕೆ ತಂದು ದೊಡ್ಡ ಗಾಜಿನ ಕಡೆಯಿಂದ ನೋಡಿದರೆ, ಇರುವೆಯ ಮೀಸೆಯ ಗಂಟುಗಳೂ ಕಾಣುತ್ತವೆ. ಇನ್ನೊಂದು ಮಾತು: ಈ ಕಾಲದಲ್ಲಿ ಹುಲ್ಲು ಮೊಣಕಾಲು ಮುಚ್ಚುವಷ್ಟು ಬೆಳೆದಿರುತ್ತದೆ, ಕೊಳಕುಮಂಡಲ ಅದರೊಳಗೆ ಮಲಗಿದ್ದರೆ ಗೊತ್ತೇ ಆಗುವುದಿಲ್ಲ. ಕಣಕಾಲು ಮುಚ್ಚುವ ಶೂ, ಕೈಯಲ್ಲೊಂದು ಕೋಲು, ನೆಲ ನೋಡಿಕೊಂಡು ಹೆಜ್ಜೆ. ಚಪ್ಪಲಿಯಲ್ಲಿ ಬರುವವರನ್ನು ನಾನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಜೊಂಡಿನ ಮೂಲೆಯಲ್ಲಿರಬೇಕು. ಆಗ ಕಣ್ಣಿಗಿಂತ ಕಿವಿಗೆ ಕೆಲಸ. ಜಂಬುಕೋಳಿಗಳ ಕಿರುಚಾಟದ ನಡುವೆ ‘ಚಕ್... ಚಕ್’ ಎಂದು ನಾಲಿಗೆ ಲೊಟಗುಟ್ಟಿದಂಥ ಒಂದು ಸದ್ದು ಗಿಡದೊಳಗಿಂದ ಕೇಳಿದರೆ ವಲಸೆ ಹಕ್ಕಿ ಬ್ಲೈತ್ಸ್ ರೀಡ್ ವಾರ್ಬ್ಲರ್ ಬಂದಾಯಿತು ಎಂದು ಬರೆದುಕೊಳ್ಳುತ್ತೇನೆ. ಅದರ ದರ್ಶನಕ್ಕೆ ಕಾಯುತ್ತ ಕೂತರೆ ಹೊತ್ತು ಏರುತ್ತದೆ. ಕಂದು ಬಣ್ಣದ, ಗುರುತು ಎನ್ನುವಂಥದ್ದೇನೂ ಇಲ್ಲದ ಪುಟ್ಟ ಹಕ್ಕಿ. ಮರದ ಮೇಲಿಂದ ‘ಚಿಸ್ವೀ’ ಎಂದು ಎರಡು ಮಾತ್ರೆಯ ಕೂಗು ಬಂದರೆ ಗ್ರೀನಿಶ್ ವಾರ್ಬ್ಲರ್. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಈಗ ಎಲ್ಲರ ಫೋನಿನಲ್ಲೂ ಇದೆ. ನಾನೂ ಬಳಸುತ್ತೇನೆ, ಆದರೆ ಅದು ಕೊಟ್ಟ ಹೆಸರನ್ನು ನಾನೂ ಕೇಳಿಸಿಕೊಂಡು ಒಪ್ಪುವವರೆಗೆ ಪುಸ್ತಕಕ್ಕೆ ಏರಿಸುವುದಿಲ್ಲ.

ಜೊಂಡಿನ ಕಡ್ಡಿಗಳನ್ನು ನೀರಿನಿಂದ ಗೇಣೆತ್ತರದವರೆಗೆ ಒಂದೊಂದಾಗಿ ನೋಡುತ್ತ ಹೋಗಿ. ಕೆಸರು ಬಣ್ಣದ, ಬೆರಳ ಗಿಣ್ಣಿನುದ್ದದ ಒಂದು ಚಿಪ್ಪು ಆರು ಕಾಲಲ್ಲಿ ಕಡ್ಡಿಯನ್ನು ತಬ್ಬಿಕೊಂಡಿರುತ್ತದೆ. ಮುಟ್ಟಿದರೆ ಒಳಗೆ ಪೊಳ್ಳು. ಬೆನ್ನು ಸೀಳಿರುತ್ತದೆ, ಸೀಳಿನಿಂದ ಬಿಳಿಯ ಎಳೆಗಳು ನಾಲ್ಕಾರು ಹೊರಕ್ಕೆ ಜೋತಿರುತ್ತವೆ. ಅದು ಏರೋಪ್ಲೇನ್ ಚಿಟ್ಟೆ ಕಳಚಿ ಬಿಟ್ಟ ಪೊರೆ. ನೀರೊಳಗೆ ಸೊಳ್ಳೆಮರಿ, ಗೊದಮೊಟ್ಟೆ ಹಿಡಿದು ತಿಂದುಕೊಂಡಿದ್ದ ಮರಿ, ಬೆಳೆದ ಮೇಲೆ ಕಡ್ಡಿ ಹತ್ತಿ, ಬೆನ್ನೊಡೆದು ರೆಕ್ಕೆಯೊಂದಿಗೆ ಹೊರಬರುತ್ತದೆ. ಆ ಬಿಳಿ ಎಳೆಗಳು ಅದರ ಉಸಿರುನಳಿಗೆಗಳ ಒಳಪದರ. ಪೊರೆಯ ಜೊತೆ ಅದನ್ನೂ ಕಳಚಿಟ್ಟು ಹೋಗಿರುತ್ತದೆ. ಹಾರುವ ಚಿಟ್ಟೆಯನ್ನು ನೋಡಿ ಇಲ್ಲಿಯದು ಎಂದು ಹೇಳಲಾಗದು, ಎಲ್ಲಿಂದಲೋ ಬಂದಿರಬಹುದು. ಪೊರೆ ಸಿಕ್ಕಿತೆಂದರೆ ಅದು ಈ ಕೆರೆಯಲ್ಲೇ ಹುಟ್ಟಿದ್ದು, ಅನುಮಾನವಿಲ್ಲ. ಹಾಗಾಗಿ ಫೋಟೋ ಕೈತಪ್ಪಿದರೂ ಪೊರೆಯನ್ನು ಹಳೇ ಫಿಲ್ಮ್ ಡಬ್ಬಿಯಲ್ಲಿ ಹಾಕಿಕೊಂಡು ತಾರೀಖು ಬರೆದಿಡುತ್ತೇನೆ.

ಹತ್ತಿರದ ಈಚಲ ಮರದಲ್ಲಿ ಗೀಜಗನ ಗೂಡುಗಳು. ಗಂಡಿನ ತಲೆಯ ಹಳದಿ ಮಾಸುತ್ತ ಬಂದಿರುತ್ತದೆ, ಅರ್ಧ ಕಟ್ಟಿ ಬಿಟ್ಟ ಗೂಡುಗಳು ಟೋಪಿಗಳಂತೆ ತೂಗುತ್ತಿರುತ್ತವೆ. ಇನ್ನೂ ಮರಿ ಇರುವ ಗೂಡು ಯಾವುದೆಂದು ತಿಳಿಯಲು ಕೊಕ್ಕು ನೋಡಬೇಕು. ಗೀಜಗ ಕಾಳು ತಿನ್ನುವ ಹಕ್ಕಿ, ಆದರೆ ಮರಿಗೆ ಹುಳ ಬೇಕು. ಮಿಡತೆ ಕಚ್ಚಿಕೊಂಡು ಬಂದ ಹಕ್ಕಿ ಯಾವ ಕೊಳವೆಯೊಳಗೆ ನುಗ್ಗುತ್ತದೋ ಅದು ಸಂಸಾರವಿರುವ ಮನೆ.

ಎಂಟೂವರೆಯ ಹೊತ್ತಿಗೆ ಹಕ್ಕಿ ನೋಡುವವರು ತಿಂಡಿಗೆ ಹೊರಡುತ್ತಾರೆ. ನನಗೆ ಅದು ಏರಿಯ ಕಲ್ಲಿಗೆ ಹೋಗುವ ಹೊತ್ತು. ಬಿಸಿಲು ತಾಕಿ ಮೈ ಕಾಯದೆ ಈ ಹುಳಗಳು ಹಾರಲಾರವು. ಇಬ್ಬನಿ ಹೊತ್ತು ನೇತಾಡುತ್ತಿದ್ದ ಏರೋಪ್ಲೇನ್ ಚಿಟ್ಟೆ ಮೊದಲು ರೆಕ್ಕೆಯನ್ನು ಸಣ್ಣಗೆ ನಡುಗಿಸುತ್ತದೆ, ಆಮೇಲೆ ಮೇಲೇಳುತ್ತದೆ. ಕಲ್ಲಿನ ಮೇಲೆ ನಾನು ಹುಡುಕುವುದು ಗ್ರಾನೈಟ್ ಘೋಸ್ಟ್ ಎನ್ನುವ ಏರೋಪ್ಲೇನ್ ಚಿಟ್ಟೆಯನ್ನು. ಬೂದು ಮೈ, ಕಪ್ಪು ಚುಕ್ಕೆ, ಕಲ್ಲಿನ ಬಣ್ಣ ಹಾಗೇ ಇಳಿದಿರುತ್ತದೆ. ಸೈಜುಗಲ್ಲಿನ ಮೇಲೆ ರೆಕ್ಕೆ ಚಪ್ಪಟೆಯಾಗಿ ಒತ್ತಿ ಕೂತುಬಿಟ್ಟರೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ರೆಕ್ಕೆ ತುದಿಯ ಹತ್ತಿರದ ಕೆನೆಬಿಳಿ ಚುಕ್ಕೆಗಳಷ್ಟೇ ಅದರ ಗುಟ್ಟು ಬಿಟ್ಟುಕೊಡುವುದು. ಸಾಲಾಗಿ ಅಂಥ ನಾಲ್ಕು ಚುಕ್ಕೆ ಕಂಡರೆ ಅಲ್ಲೇ ನಿಂತುಬಿಡಿ.

ಹಾಗೆ ಬಗ್ಗಿ ಕಲ್ಲು ನೋಡುತ್ತಿದ್ದಾಗ ಮೇಕೆ ಹೊಡೆದುಕೊಂಡು ಬಂದ ಒಬ್ಬ ಅಜ್ಜಿ ಕೇಳಿದರು: “ಏನಾರ ಬೀಳಿಸ್ಕೊಂಡ್ರಾ ಸಾ?”

“ಇಲ್ಲಾ ಕಣಮ್ಮ, ಏರೋಪ್ಲೇನ್ ಚಿಟ್ಟೆ ನೋಡ್ತಾ ಇದೀನಿ.”

“ಅದ್ನೇನ್ ಬಗ್ಗಿ ನೋಡೀರಿ? ಅಕಾ, ತಲೆ ಮ್ಯಾಲೇ ಅವಲ್ಲ. ಇಂಗೆ ಕೆಳೀಕೆ ಆಡುದ್ರೆ ಮಳೆ ಬತ್ತದೆ, ಬೇಗ ಮನೆ ಸೇರ್ಕಳಿ.”

ತಲೆಯ ಮೇಲಿದ್ದವು ಬೇರೆ ಜಾತಿಯವು. ಅರಿಶಿನ ಮಿಶ್ರಿತ ಕಂದು ಮೈ, ಅಗಲ ರೆಕ್ಕೆ, ಎಲ್ಲೂ ಕೂರದೆ ಗುಂಪು ಗುಂಪಾಗಿ ಸುಳಿದಾಡುವ ವಾಂಡರಿಂಗ್ ಗ್ಲೈಡರ್. ಶಾಸ್ತ್ರೀಯ ಹೆಸರು ಪ್ಯಾಂಟಾಲಾ ಫ್ಲಾವೆಸೆನ್ಸ್. ನಾವು ಚಿಕ್ಕವರಿದ್ದಾಗ ಮಾರ್ನವಮಿ ರಜೆಯಲ್ಲಿ ಆಟದ ಮೈದಾನದ ತುಂಬ ತುಂಬಿಕೊಳ್ಳುತ್ತಿದ್ದವಲ್ಲ, ಅವೇ. ಮಳೆನೀರು ನಿಂತ ಹೊಂಡ, ಗದ್ದೆ, ಎಲ್ಲೆಂದರಲ್ಲಿ ಮೊಟ್ಟೆಯಿಟ್ಟು, ಹೊಂಡ ಆರುವುದರೊಳಗೆ ಬೆಳೆದು ಹೊರಡುವುದು ಇವುಗಳ ಜಾಣತನ. ಹೊರಡುವುದು ಎಲ್ಲಿಗೆ? ಮಾಲ್ಡೀವ್ಸ್‌ನಲ್ಲಿದ್ದ ಕಡಲಜೀವಿ ವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ, ಸಿಹಿನೀರೇ ಅಪರೂಪವಾದ ಆ ದ್ವೀಪಗಳ ಮೇಲೆ ಇವು ಮೋಡದಂತೆ ಬಂದಿಳಿಯುವುದನ್ನು ವರ್ಷಗಟ್ಟಲೆ ಬರೆದಿಟ್ಟರು. ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಇವು ಹೋಗುತ್ತವೆ ಎಂದು 2009ರಲ್ಲಿ ಪ್ರಕಟಿಸಿದರು. ಹೋಗಿ ಬರುವ ಸುತ್ತು ಒಂದೇ ಹುಳದ್ದಲ್ಲ, ಮೂರು ನಾಲ್ಕು ತಲೆಮಾರು ಸೇರಿ ಮುಗಿಸುವುದು. ಅಂದು ಮಧ್ಯಾಹ್ನ ಮಳೆ ಬಂತೋ ಇಲ್ಲವೋ ನೆನಪಿಲ್ಲ, ಅಜ್ಜಿಯ ಮಾತನ್ನಂತೂ ಪುಸ್ತಕದಲ್ಲಿ ಬರೆದುಕೊಂಡೆ.

ಈ ಗ್ಲೈಡರ್ ಗುಂಪು ಎಲ್ಲಿದೆಯೋ ಅಲ್ಲಿ ಕಳ್ಳಿಪೀರಗಳಿರುತ್ತವೆ. ವಿದ್ಯುತ್ ತಂತಿಯಿಂದ ಸೊಯ್ಯನೆ ಹಾರಿ, ಗಾಳಿಯಲ್ಲೇ ಹಿಡಿದು, ಮತ್ತೆ ಅದೇ ತಂತಿಗೆ. ಹಿಡಿದದ್ದನ್ನು ತಂತಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯುವಾಗ ಒಂದೊಂದು ರೆಕ್ಕೆ ಕಳಚಿ ಗಿರಿಗಿರಿ ತಿರುಗುತ್ತ ಕೆಳಗಿಳಿಯುತ್ತದೆ. ಹೆಚ್ಚಿನವರು ಇಷ್ಟು ನೋಡಿ ಮುಂದೆ ಹೋಗುತ್ತಾರೆ. ಹಕ್ಕಿ ಎದ್ದು ಹೋದ ಮೇಲೆ ಆ ತಂತಿಯ ಕೆಳಗೆ ಹೋಗಿ ನೆಲ ನೋಡಿ ಎನ್ನುವುದು ನನ್ನ ಸಲಹೆ. ಕಡಲೆಕಾಳಿನಷ್ಟು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ, ಅರಗದ ಭಾಗವನ್ನು ಕಳ್ಳಿಪೀರ ಬಾಯಿಂದಲೇ ಉಗುಳಿದ್ದು. ಬಿಳಿ ಕಾಗದದ ಮೇಲೆ ಕಡ್ಡಿಯಿಂದ ಬಿಡಿಸಿದರೆ ದುಂಬಿಯ ಮಿರುಗುವ ಚಿಪ್ಪಿನ ಚೂರು, ಜೇನುನೊಣದ ತಲೆ, ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಬಲೆಯಂಥ ತುಣುಕು ಎಲ್ಲ ಸಿಗುತ್ತವೆ. ಹಕ್ಕಿ ಆ ವಾರ ಏನು ತಿಂದಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಕೈ ತೊಳೆದುಕೊಳ್ಳುವುದನ್ನು ಮರೆಯಬೇಡಿ, ಅಷ್ಟೆ.

ವಲಸೆಯ ಪುಸ್ತಕ ತೆರೆದು ನೋಡಿದಾಗ ನನಗೆ ಸ್ಪಷ್ಟವಾಗಿ ಕಾಣುವುದು ಇದು: ನಮ್ಮ ಕಡೆಗೆ ಬೇಗ ಬಂದಿಳಿಯುವವರಲ್ಲಿ ಹುಳ ನೆಚ್ಚಿಕೊಂಡವರೇ ಜಾಸ್ತಿ. ಬೂದು ಸಿಪಿಲೆ ಸೆಪ್ಟೆಂಬರಿನಲ್ಲೇ ಕೋಡಿಯ ಹತ್ತಿರ ಬಾಲ ಕುಣಿಸುತ್ತಿರುತ್ತದೆ. ಕಾಮನ್ ಸ್ಯಾಂಡ್‌ಪೈಪರ್ ಅದಕ್ಕೂ ಮುಂಚೆ ಬಂದು, ಕೆಸರಿಲ್ಲದಿದ್ದರೇನಂತೆ ಎಂದು ಏರಿಯ ಕಲ್ಲಿನ ಮೇಲೇ ಹುಳ ಆಯುತ್ತಿರುತ್ತದೆ. ಆಮೇಲೆ ಗ್ರೀನಿಶ್ ವಾರ್ಬ್ಲರ್‌ನಂಥ ಎಲೆಹಕ್ಕಿಗಳು, ಕವಲುತೋಕೆಗಳು, ಕಂದು ಕಳಿಂಗ. ಕಳಿಂಗ ಬಂದಿದ್ದು ಗೊತ್ತಾಗುವುದು ಬೇಲಿಯಿಂದ ಬರುವ ಒರಟು ಗದರಿಕೆಯಿಂದ. ಹೊಸದಾಗಿ ಬಂದದ್ದು ತನ್ನ ಜಾಗಕ್ಕಾಗಿ ದಿನವೆಲ್ಲ ಜಗಳವಾಡುತ್ತದೆ. ಬಾತು, ಹೆಬ್ಬಾತುಗಳ ಸರದಿ ಬರುವಷ್ಟರಲ್ಲಿ ಇವರೆಲ್ಲ ಹಳಬರಾಗಿರುತ್ತಾರೆ.

ಬೇಲಿಯ ಪಕ್ಕ ನಾನು ಹುಡುಕುವ ಗಿಡ ಒಂದೇ, ಗಿಲಿಗಿಚ್ಚಿ. ಹಳದಿ ಹೂವಿನದು, ಒಣಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಬರುವುದು. ಅಕ್ಟೋಬರಿನಲ್ಲಿ ಒಂದು ಗಿಡ ಸಿಕ್ಕರೆ ಸಾಕು, ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಒಂದರ ಮೇಲೊಂದು ಮುತ್ತಿರುತ್ತವೆ. ಹೂವಿಗಲ್ಲ, ಬಾಡಿದ ಎಲೆ, ಗಾಯವಾದ ಕಾಯಿಗೆ. ಗಂಡು ಚಿಟ್ಟೆಗಳು ಕಾಲಿನಿಂದ ಕೆರೆದು ಒಸರುವ ರಸ ಹೀರುತ್ತವೆ. ಗಿಡದ ವಿಷವೇ ಅವಕ್ಕೆ ಬೇಕಾದದ್ದು. ಅದರಿಂದ ಹೆಣ್ಣನ್ನು ಒಲಿಸುವ ವಾಸನೆಯೂ ತಯಾರಾಗುತ್ತದೆ, ತಿನ್ನಬಂದ ಹಕ್ಕಿಗೆ ಬಾಯಿ ಕೆಡಿಸುವ ಕಹಿಯೂ ಆಗುತ್ತದೆ. ಕಳ್ಳಿಪೀರ ಪಕ್ಕದಲ್ಲೇ ಕೂತಿದ್ದರೂ ಈ ಚಿಟ್ಟೆಗಳ ತಂಟೆಗೆ ಹೋಗಿದ್ದನ್ನು ನಾನು ಕಂಡಿಲ್ಲ. ಮುಂಗಾರಿನ ಆರಂಭಕ್ಕೆ ಪಶ್ಚಿಮಘಟ್ಟದಿಂದ ಬಯಲಿಗೆ ಇಳಿಯುವ ಈ ಚಿಟ್ಟೆಗಳು ಈಗ ವಾಪಸು ಘಟ್ಟದ ಕಡೆ ಹೊರಡುವ ಕಾಲ. ಎರಡು ಕಂಬಗಳ ನಡುವೆ ಒಂದು ಗೆರೆ ಅಂದುಕೊಂಡು, ಹತ್ತು ನಿಮಿಷದಲ್ಲಿ ಅದನ್ನು ದಾಟಿದ್ದೆಷ್ಟು, ಫೋನಿನ ದಿಕ್ಸೂಚಿಯಲ್ಲಿ ಯಾವ ಕಡೆಗೆ ಎಂದು ಬರೆದರೆ ಅದು ಉಪಯುಕ್ತ ದಾಖಲೆ. ‘ತುಂಬಾ ಚಿಟ್ಟೆ ಇದ್ದವು’ ಎಂದು ಬರೆದಿಟ್ಟರೆ ಮುಂದಿನ ವರ್ಷ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹಕ್ಕಿಯ ಪಟ್ಟಿ ಇ-ಬರ್ಡ್ ಜಾಲತಾಣಕ್ಕೆ, ಹುಳದ ಫೋಟೋ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಅವತ್ತೇ ರಾತ್ರಿ ಹಾಕುತ್ತೇನೆ. ಅಕ್ಟೋಬರಿನ ಎರಡನೇ ಶನಿವಾರದ ಆಸುಪಾಸು ಇ-ಬರ್ಡ್‌ನವರ ಜಾಗತಿಕ ಎಣಿಕೆ ಬರುತ್ತದೆ. ಅದಕ್ಕಾದರೂ ಒಂದು ಪಟ್ಟಿ ಹಾಕಿ ಎಂದು ಪರಿಚಯದವರಿಗೆಲ್ಲ ಗೋಗರೆಯುತ್ತೇನೆ. ಕಾಣದಿದ್ದುದನ್ನೂ ಬರೆಯಿರಿ, ಅದು ಮುಖ್ಯ.

ಸದ್ಯಕ್ಕೆ ನಾನು ಕಣ್ಣಿಟ್ಟಿರುವುದು ಡಿಚ್ ಜ್ಯುವೆಲ್ ಎನ್ನುವ ಸಣ್ಣ ಏರೋಪ್ಲೇನ್ ಚಿಟ್ಟೆಯ ಮೇಲೆ. ಗಂಡಿನ ರೆಕ್ಕೆ ಕಿತ್ತಳೆ ಬಣ್ಣ, ನೋಡಲು ಚೆಂದ. ಆದರೆ ಚರಂಡಿ ನೀರು ಸೇರಿದ ಕೆರೆಕಟ್ಟೆಗಳಲ್ಲಿ ಉಳಿದವು ಹಿಂಜರಿದಾಗ ಹೆಚ್ಚುವುದು ಇದೇ. ವೈಜ್ಞಾನಿಕ ಹೆಸರಿನಲ್ಲೇ ‘ಕಂಟಾಮಿನೇಟಾ’, ಅಂದರೆ ಕಲುಷಿತ, ಎಂದಿದೆ. ಮೈಸೂರು ನಗರದ ಮೋರಿಗಳ ಬದಿಯಲ್ಲಿ ಇದನ್ನು ಹುಡುಕಬೇಕಾಗೇ ಇಲ್ಲ. ಇಲ್ಲಿ ಗ್ರಾನೈಟ್ ಘೋಸ್ಟ್, ಜೊಂಡಿನ ಮೇಲೆ ಪಾತರಗಿತ್ತಿಯಂತೆ ತೇಲುವ ಹಳದಿ-ಕಪ್ಪು ರೆಕ್ಕೆಯ ಪಿಕ್ಚರ್ ವಿಂಗ್ ಇವೆಲ್ಲ ಇರುವಾಗ ಜ್ಯುವೆಲ್ ಕೂಡ ನಾಲ್ಕು ಇದ್ದರೆ ಚಿಂತೆಯಿಲ್ಲ. ಊರಿನ ಕಡೆಯ ಅಂಚಿನಲ್ಲಿ ಅದೊಂದೇ ಉಳಿದರೆ ನೀರಿಗೆ ಏನು ಸೇರುತ್ತಿದೆ ಎಂದು ವಿಚಾರಿಸಬೇಕಾಗುತ್ತದೆ. ಅದಕ್ಕೇ ಈ ಸಲದಿಂದ ಮೂರೂ ಜಾಗದಲ್ಲಿ ಅದನ್ನು ಬೇರೆ ಬೇರೆಯಾಗಿ ಎಣಿಸಿ ಬರೆಯತೊಡಗಿದ್ದೇನೆ.